ಬೆಳಕು–ಕ್ಯಾಮೆರಾ ಆಧಾರಿತ ವಾಹನ ಸ್ಥಾನನಿರ್ಣಯ

ಉಪಗ್ರಹಗಳ ನೆರವಿಲ್ಲದೆ, ಮೊದಲೇ ಅಳೆದು ನೆಟ್ಟ ದೀಪಗಳನ್ನು ಕ್ಯಾಮೆರಾದಿಂದ ಗುರುತಿಸಿ, ವಾಹನ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕಹಾಕುವ ವಿಧಾನ. ದೀಪ ರಸ್ತೆಯ ಬದಿಗೂ ಕ್ಯಾಮೆರಾ ವಾಹನದ ಮೇಲೂ ಇರಬಹುದು. ದೀಪವನ್ನು ವಾಹನಕ್ಕೆ ಕಟ್ಟಿ ಕ್ಯಾಮೆರಾವನ್ನು ಗೋಡೆಗೆ ತೂಗುಹಾಕುವುದೂ ಉಂಟು. ವಾಹನ ಎಂದರೆ ಇಲ್ಲಿ ಕಾರು, ಲಾರಿಗಳಷ್ಟೇ ಅಲ್ಲ. ಗೋದಾಮಿನಲ್ಲಿ ಸರಕು ಹೊರುವ ರೋಬಾಟ್, ಡ್ರೋನ್, ನೀರಿನೊಳಗಿನ ಯಾನ, ಬಾಹ್ಯಾಕಾಶ ನೌಕೆ ಎಲ್ಲವೂ ಸೇರುತ್ತವೆ.

ಯಾವ ರೂಪದಲ್ಲಿದ್ದರೂ ಈ ವಿಧಾನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಕಾಣುತ್ತಿರುವ ದೀಪ ಯಾವ ದಿಕ್ಕಿನಲ್ಲಿದೆ? ಅದು ಯಾವ ದೀಪ? ಮೊದಲನೆಯದಕ್ಕೆ ಕ್ಯಾಮೆರಾ ಉತ್ತರಿಸುತ್ತದೆ, ಎರಡನೆಯದಕ್ಕೆ ದೀಪವೇ ಉತ್ತರಿಸಬೇಕು. ದಿಕ್ಕಿನಿಂದ ಸ್ಥಾನ ಕಂಡುಹಿಡಿಯುವ ರೇಖಾಗಣಿತ ನಾನೂರು ವರ್ಷಗಳಷ್ಟು ಹಳೆಯದು. ಓಡುವ ವಾಹನಕ್ಕೆ, ಹಗಲು ಬಿಸಿಲಿನಲ್ಲಿ, ಸಾವಿರಾರು ಒಂದೇ ಬಗೆಯ ದೀಪಗಳ ನಡುವೆ ಪ್ರತಿ ದೀಪವೂ ತನ್ನ ಗುರುತು ಹೇಳುವಂತೆ ಮಾಡುವುದೇ ನಿಜವಾದ ಕಷ್ಟ. ಈ ಕ್ಷೇತ್ರದ ಇತ್ತೀಚಿನ ಶ್ರಮವೆಲ್ಲ ಅಲ್ಲಿಯೇ ಕೇಂದ್ರೀಕೃತವಾಗಿದೆ.

ಉಪಗ್ರಹ ಸಂಕೇತದ ಮಿತಿ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅವುಗಳ ರೇಡಿಯೊ ಸಂಕೇತ ನೆಲ ಮುಟ್ಟುವ ವೇಳೆಗೆ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಇಷ್ಟು ಕ್ಷೀಣವಾದದ್ದು ಕಾಂಕ್ರೀಟು, ಬಂಡೆ, ನೀರುಗಳನ್ನು ದಾಟಿ ಬರಲಾರದು. 9.02 ಕಿ.ಮೀ. ಉದ್ದದ ಅಟಲ್ ಸುರಂಗದೊಳಗಾಗಲಿ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಆಳದಲ್ಲಾಗಲಿ, ಅಂಗಡಿ ಸಂಕೀರ್ಣದ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಾಗಲಿ ಅದು ಸಿಗುವುದಿಲ್ಲ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಸಂಚಾಲನಾ ಕೇಂದ್ರವಿರುವ ನಮ್ಮದೇ ನಾವಿಕ್ ಉಪಗ್ರಹ ವ್ಯವಸ್ಥೆಗೂ ಇದೇ ಮಿತಿ ಇದೆ. ಎತ್ತರದ ಕಟ್ಟಡಗಳ ನಡುವಿನ ಬೀದಿಯಲ್ಲಿ ಸಂಕೇತ ಸಿಕ್ಕರೂ ಗೋಡೆಗಳಿಗೆ ಬಡಿದು ಸುತ್ತಿಬಂದಿರುವುದರಿಂದ ಸ್ಥಾನ ಹತ್ತಾರು ಮೀಟರ್ ತಪ್ಪಬಹುದು.

ಸಂಕೇತ ಕ್ಷೀಣವಾಗಿರುವುದರಿಂದ ಅದನ್ನು ಅಡಗಿಸುವುದೂ ಸುಲಭ. ತನ್ನ ಓಡಾಟ ಮಾಲೀಕರಿಗೆ ತಿಳಿಯದಿರಲೆಂದು ಅಮೆರಿಕದ ಚಾಲಕನೊಬ್ಬ ವಾಹನದಲ್ಲಿಟ್ಟುಕೊಂಡ ಪುಟ್ಟ ಜಾಮರ್, ನೆವಾರ್ಕ್ ವಿಮಾನ ನಿಲ್ದಾಣದ ಜಿಪಿಎಸ್ ಆಧಾರಿತ ಇಳಿಯುವಿಕೆಯ ವ್ಯವಸ್ಥೆಗೆ ಅಡ್ಡಿಯಾಯಿತು. 2013ರಲ್ಲಿ ಆತನಿಗೆ ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು. ಬೆಳಕಿನ ವ್ಯವಸ್ಥೆಯನ್ನು ಹೀಗೆ ದೂರದಿಂದ, ಕಾಣದಂತೆ ಕೆಡಿಸಲು ಆಗುವುದಿಲ್ಲ. ಕೆಡಿಸುವವನು ಕ್ಯಾಮೆರಾದ ಎದುರಿಗೇ ಬರಬೇಕಾಗುತ್ತದೆ.

ಹಿನ್ನೆಲೆ

ಬೆಳಕು ನೋಡಿ ತನ್ನ ಜಾಗ ತಿಳಿಯುವ ಕ್ರಮ ಸಮುದ್ರದಲ್ಲಿ ಬೆಳೆದುಬಂದದ್ದು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವೂ ಸೇರಿದಂತೆ ಕರಾವಳಿಯ ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿಣುಕಿನ ಲಯವಿದೆ. ಎಷ್ಟು ಸೆಕೆಂಡಿಗೆ ಎಷ್ಟು ಬಾರಿ ಬೆಳಗುತ್ತದೆ ಎಂಬ ವಿವರ ನಾವಿಕರ ದೀಪಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಲಯ ಎಣಿಸಿದರೆ ದೀಪ ಯಾವುದೆಂದು ತಿಳಿಯಿತು, ದಿಕ್ಸೂಚಿಯಿಂದ ಅದರ ದಿಕ್ಕು ತಿಳಿಯಿತು. ಇಂಥ ಎರಡು ದೀಪಗಳಿಂದ ನಕ್ಷೆಯ ಮೇಲೆ ಗೆರೆ ಎಳೆದರೆ ಅವು ಕೂಡುವಲ್ಲಿ ಹಡಗು ಇರುತ್ತದೆ. ಇಂದಿನ ಎಲ್‌ಇಡಿ–ಕ್ಯಾಮೆರಾ ವ್ಯವಸ್ಥೆಯ ಎರಡು ಅಂಗಗಳೂ ಇದರಲ್ಲಿ ಆಗಲೇ ಇವೆ.

ದಿಕ್ಸೂಚಿಯೂ ಇಲ್ಲದಿದ್ದರೆ ಮೂರು ಗುರುತುಗಳು ಬೇಕು. ಅವುಗಳ ನಡುವಿನ ಎರಡು ಕೋನಗಳನ್ನು ಅಳೆದು ತಾನು ನಿಂತ ಜಾಗ ಕಂಡುಹಿಡಿಯುವ ಬಗೆಯನ್ನು ಡಚ್ ಗಣಿತಜ್ಞ ಸ್ನೆಲಿಯಸ್ 17ನೇ ಶತಮಾನದ ಆರಂಭದಲ್ಲೇ ತೋರಿಸಿದ್ದ. ಇದರಲ್ಲಿ ಒಂದು ಬಲೆಯೂ ಇದೆ: ಮೂರು ಗುರುತುಗಳನ್ನು ಮುಟ್ಟಿ ಹಾದುಹೋಗುವ ವೃತ್ತದ ಮೇಲೆಯೇ ನೋಡುವವನು ನಿಂತಿದ್ದರೆ ಉತ್ತರ ಹೊರಡುವುದಿಲ್ಲ, ವೃತ್ತದ ಮೇಲಿನ ಯಾವ ಬಿಂದುವಿನಿಂದ ನೋಡಿದರೂ ಕೋನಗಳು ಅವೇ ಆಗಿರುತ್ತವೆ. ನಾವಿಕರು ಇದನ್ನು ಅಪಾಯದ ವೃತ್ತ ಎಂದು ಕರೆದರು. ದೀಪಗಳನ್ನು ಎಲ್ಲಿ ನೆಡಬೇಕು ಎಂದು ಯೋಚಿಸುವ ಇಂದಿನ ಎಂಜಿನಿಯರಿಗೂ ಈ ವೃತ್ತ ತಪ್ಪಿದ್ದಲ್ಲ.

ನೆಲದ ಮೇಲೆ ಇದೇ ಗಣಿತವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಭಾರತದ ಮಹಾ ತ್ರಿಕೋನಮಾಪನ ಸರ್ವೇಕ್ಷಣೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆಯುವ ಮೊದಲೇ, 1800ರಲ್ಲಿ ಬೆಂಗಳೂರಿನ ಬಳಿ ಒಂದು ರೇಖೆಯನ್ನು ಅಳೆದಿದ್ದ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಕಾಲದಲ್ಲಿ ದೂರದ ಬೆಟ್ಟಗಳ ನೆತ್ತಿಯ ಗುರುತುಗಳನ್ನು ಹಗಲಿನಲ್ಲಿ ಸೂರ್ಯನ ಬೆಳಕು ಹಾಯಿಸುವ ಕನ್ನಡಿಗಳಿಂದ, ರಾತ್ರಿ ಎಣ್ಣೆದೀಪಗಳಿಂದ ಕಾಣಿಸುತ್ತಿದ್ದರು. ಥಿಯೋಡೊಲೈಟ್ ಹಿಡಿದವನು ಆ ಬೆಳಕಿಗೆ ಗುರಿಯಿಟ್ಟು ಕೋನ ಓದುತ್ತಿದ್ದ.

ಬೆಳಕು ತಾನೇ ದಾರಿ ಹೇಳುವ ಇನ್ನೊಂದು ಪರಂಪರೆಯೂ ಇದೆ. ಬ್ರಿಟಿಷ್ ನೌಕಾಧಿಕಾರಿ ನಿಕೊಲಸ್ ಗುಡ್‌ಹಾರ್ಟ್ 1951ರಲ್ಲಿ ರೂಪಿಸಿದ ಕನ್ನಡಿ ವ್ಯವಸ್ಥೆ, ವಿಮಾನವಾಹಕ ನೌಕೆಗೆ ಇಳಿಯುವ ಪೈಲಟ್ ತಕ್ಕ ಎತ್ತರದಲ್ಲಿದ್ದಾನೆಯೇ ಎಂಬುದನ್ನು ಒಂದು ಬೆಳಕಿನ ಚೆಂಡಿನಿಂದ ತೋರಿಸುತ್ತಿತ್ತು. ಕಾರವಾರವನ್ನು ನೆಲೆಯಾಗಿಸಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೂ ಬೆಳಕಿನಿಂದ ಇಳಿಜಾರು ತೋರಿಸುವ ಇದೇ ಕುಲದ ಸಾಧನವಿದೆ. ಇವುಗಳಲ್ಲಿ ಕ್ಯಾಮೆರಾ ಕೆಲಸವನ್ನು ಮನುಷ್ಯನ ಕಣ್ಣು ಮಾಡುತ್ತದೆ.

ಕ್ಯಾಮೆರಾ ಅಳೆಯುವುದು ಏನನ್ನು

ಕ್ಯಾಮೆರಾ ದೂರವನ್ನು ನೇರವಾಗಿ ಅಳೆಯುವುದಿಲ್ಲ, ಕೋನವನ್ನು ಅಳೆಯುತ್ತದೆ. ಮಸೂರದ ಗುಣ ಗೊತ್ತಿದ್ದರೆ ಚಿತ್ರದ ಪ್ರತಿ ಪಿಕ್ಸೆಲ್ಲೂ ಹೊರಜಗತ್ತಿನ ಒಂದು ನಿರ್ದಿಷ್ಟ ದಿಕ್ಕಿಗೆ ಹೊಂದುತ್ತದೆ. ಅಡ್ಡಲಾಗಿ 1920 ಪಿಕ್ಸೆಲ್, 60 ಡಿಗ್ರಿ ನೋಟವಿರುವ ಸಾಧಾರಣ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 0.03 ಡಿಗ್ರಿ. ಮೂರು ಮೀಟರ್ ಎತ್ತರದ ಚಾವಣಿಯ ದೀಪ ನೋಡುವಾಗ ಇದು ಎರಡು ಮಿಲಿಮೀಟರಿಗೂ ಕಡಿಮೆ. ಸೆಂಟಿಮೀಟರ್ ಮಟ್ಟದ ನಿಖರತೆ ಅಗ್ಗದ ಉಪಕರಣದಿಂದ ದೊರೆಯುವುದರ ಗುಟ್ಟು ಇದೇ. ರೇಡಿಯೊ ಅಥವಾ ಬೆಳಕು ಬಂದು ಮುಟ್ಟಿದ ಸಮಯದಿಂದ ದೂರ ಅಳೆಯಹೊರಟರೆ ಒಂದು ನ್ಯಾನೊಸೆಕೆಂಡಿನ ತಪ್ಪಿಗೆ 30 ಸೆಂ.ಮೀ. ಹೋಗುತ್ತದೆ, ಗಡಿಯಾರಗಳನ್ನೆಲ್ಲ ಹೊಂದಿಸಿಡುವ ಖರ್ಚೂ ಬೀಳುತ್ತದೆ. ಬೆಳಕಿನ ಪ್ರಖರತೆಯಿಂದ ದೂರ ಊಹಿಸುವ ಮೂರನೆಯ ದಾರಿ ಸರಳ. ಆದರೆ ದೀಪದ ಮೇಲೆ ಧೂಳು ಕೂತರೂ ಆ ಅಂದಾಜು ತಪ್ಪುತ್ತದೆ.

ಸ್ಥಾನ ಗೊತ್ತಿರುವ ಹಲವು ಬಿಂದುಗಳು ಚಿತ್ರದಲ್ಲಿ ಎಲ್ಲೆಲ್ಲಿ ಬಿದ್ದಿವೆ ಎಂಬುದರಿಂದ ಕ್ಯಾಮೆರಾದ ಸ್ಥಾನವನ್ನೂ ವಾಲಿಕೆಯನ್ನೂ ಪಡೆಯುವ ಲೆಕ್ಕವನ್ನು ಜರ್ಮನಿಯ ಗ್ರೂನರ್ಟ್ 1841ರಲ್ಲೇ ಬಿಡಿಸಿದ್ದ. ಕಂಪ್ಯೂಟರ್ ದೃಷ್ಟಿಯ ಕ್ಷೇತ್ರಕ್ಕೆ ಅದನ್ನು ಹೊಸದಾಗಿ ತಂದವರು 1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್. ಮೂರು ಬಿಂದುಗಳಿಂದ ನಾಲ್ಕರವರೆಗೆ ಉತ್ತರಗಳು ಬರಬಹುದು. ನಾಲ್ಕನೆಯ ದೀಪವೊಂದು ಕಂಡರೆ ಸಾಮಾನ್ಯವಾಗಿ ಗೊಂದಲ ಬಗೆಹರಿಯುತ್ತದೆ. ಸುರಂಗದ ದೀಪಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ ಎಷ್ಟು ದೀಪ ಕಂಡರೂ ಸಾಲದು. ಆ ಸಾಲಿನ ಸುತ್ತ ಕ್ಯಾಮೆರಾವನ್ನು ಹೇಗೆ ತಿರುಗಿಸಿಟ್ಟರೂ ಚಿತ್ರ ಒಂದೇ ಆಗುವುದರಿಂದ ಎಡಬದಿಯೋ ಬಲಬದಿಯೋ ತಿಳಿಯದು. ಎರಡೂ ಗೋಡೆಗಳಲ್ಲಿ ದೀಪವಿರಬೇಕು, ಇಲ್ಲವೇ ಗುರುತ್ವದ ದಿಕ್ಕನ್ನು ಹೇಳುವ ಸಂವೇದಕ ವಾಹನದಲ್ಲಿರಬೇಕು.

ದೂರ ಹೆಚ್ಚಿದಂತೆ ನಿಖರತೆ ಬೇಗ ಕುಸಿಯುತ್ತದೆ. ಮುಂದೆ ಹೋಗುತ್ತಿರುವ ಕಾರಿನ ಹಿಂಬದಿಯ ಎರಡು ದೀಪಗಳ ನಡುವೆ 1.5 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳೋಣ. ಮೇಲೆ ಹೇಳಿದ ಕ್ಯಾಮೆರಾದಲ್ಲಿ 30 ಮೀಟರ್ ದೂರಕ್ಕೆ ಅವು ಸುಮಾರು 83 ಪಿಕ್ಸೆಲ್ ಅಂತರದಲ್ಲಿ ಕಾಣುತ್ತವೆ. ಒಂದು ಪಿಕ್ಸೆಲ್ ತಪ್ಪಿದರೆ ದೂರದ ಅಂದಾಜು 36 ಸೆಂ.ಮೀ. ತಪ್ಪುತ್ತದೆ. 60 ಮೀಟರಿನಲ್ಲಿ ಅಂತರ 42 ಪಿಕ್ಸೆಲ್ಲಿಗೆ ಇಳಿದು, ಅದೇ ಒಂದು ಪಿಕ್ಸೆಲ್ಲಿಗೆ ತಪ್ಪು 1.4 ಮೀಟರಿಗೆ ಏರುತ್ತದೆ. ದೂರ ಇಮ್ಮಡಿಯಾದರೆ ತಪ್ಪು ನಾಲ್ಕು ಪಟ್ಟು.

ದೀಪಕ್ಕೆ ಹೆಸರು ಕೊಡುವುದು

ಹಳೆಯ ಬಲ್ಬಿನ ತಂತಿ ಕಾದು ಆರಲು ಹೊತ್ತು ಬೇಕಾದ್ದರಿಂದ ಅದನ್ನು ಬೇಗ ಮಿಣುಕಿಸಲು ಆಗುತ್ತಿರಲಿಲ್ಲ. ಎಲ್‌ಇಡಿ ಸೆಕೆಂಡಿಗೆ ಹತ್ತಾರು ಲಕ್ಷ ಬಾರಿ ಹೊತ್ತಿ ಆರಬಲ್ಲದು. ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯಿಂದ ಬಿಳಿ ದೀಪ ಸಾಧ್ಯವಾದ ಮೇಲೆ, ಬೀದಿದೀಪ, ಟ್ರಾಫಿಕ್ ಸಿಗ್ನಲ್, ವಾಹನದ ದೀಪ ಎಲ್ಲವೂ ಸಂದೇಶ ಕಳಿಸಬಲ್ಲ ಸಾಧನಗಳಾದವು. ಜಪಾನಿನ ಕೇಯೋ ವಿಶ್ವವಿದ್ಯಾಲಯದ ನಾಕಾಗಾವಾ ಅವರ ಮುಂದಾಳತನದಲ್ಲಿ 2003ರಲ್ಲಿ ದೃಗ್ಗೋಚರ ಬೆಳಕಿನ ಸಂವಹನಕ್ಕೆಂದೇ ಒಕ್ಕೂಟವೊಂದು ಹುಟ್ಟಿತು. ಐಇಇಇ 802.15.7 ಎಂಬ ಮಾನಕ 2011ರಲ್ಲಿ ಪ್ರಕಟವಾಗಿ, ಕ್ಯಾಮೆರಾದಿಂದ ಸಂದೇಶ ಓದುವ ವಿಧಾನಗಳನ್ನೂ ಸೇರಿಸಿಕೊಂಡು 2018ರಲ್ಲಿ ಪರಿಷ್ಕಾರಗೊಂಡಿತು.

ದೀಪ ಮನುಷ್ಯರಿಗೆ ಮಿಣುಕಿದಂತೆ ಕಾಣಬಾರದು. ಮಿಣುಕು ಸೆಕೆಂಡಿಗೆ 200 ಬಾರಿಗಿಂತ ನಿಧಾನವಾಗಬಾರದು ಎಂಬುದು ಮಾನಕದ ಎಲ್ಲೆ. ಸಂದೇಶಕ್ಕೆ ತಕ್ಕಂತೆ ಬೆಳಕು ಹೆಚ್ಚುಕಡಿಮೆಯಾಗದಿರಲು ಪ್ರತಿ ಬಿಟ್‌ನ ಅರ್ಧ ಅವಧಿ ದೀಪ ಹೊತ್ತಿಯೂ ಅರ್ಧ ಅವಧಿ ಆರಿಯೂ ಇರುವ ಮ್ಯಾಂಚೆಸ್ಟರ್ ಸಂಕೇತವನ್ನು ಬಳಸುತ್ತಾರೆ. 16 ಬಿಟ್‌ಗಳ ಗುರುತು ಸಂಖ್ಯೆಯಿದ್ದರೆ 65,536 ದೀಪಗಳಿಗೆ ಬೇರೆ ಬೇರೆ ಹೆಸರು ಕೊಡಬಹುದು.

ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನಿನ ಕ್ಯಾಮೆರಾ ಸಾವಿರಾರು ಮಿಣುಕುಗಳನ್ನು ಓದುವುದು ಹೇಗೆ? ಇದಕ್ಕೆ ನೆರವಾದದ್ದು ಛಾಯಾಗ್ರಾಹಕರು ದೋಷವೆಂದು ಶಪಿಸುತ್ತಿದ್ದ ಒಂದು ಗುಣ. ಸಿಮಾಸ್ ಸಂವೇದಕ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲ; ಪುಸ್ತಕದ ಪುಟ ಓದುವಂತೆ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಹಿಡಿಯುತ್ತದೆ. 1080 ಸಾಲುಗಳಿಗೆ 20 ಮಿಲಿಸೆಕೆಂಡ್ ಹಿಡಿದರೆ ಒಂದು ಸಾಲಿಗೆ 18.5 ಮೈಕ್ರೊಸೆಕೆಂಡ್. ದೀಪ ಸೆಕೆಂಡಿಗೆ 2,000 ಬಾರಿ ಮಿಣುಕುತ್ತಿದ್ದರೆ ಅದರ ಚಿತ್ರದಲ್ಲಿ 13 ಅಥವಾ 14 ಸಾಲು ಬೆಳಗಿ, ಅಷ್ಟೇ ಸಾಲು ಕಪ್ಪಾಗಿ, ಪಟ್ಟೆಗಳು ಮೂಡುತ್ತವೆ. ಪಟ್ಟೆಗಳ ಅಗಲದಿಂದ ದೀಪದ ಗುರುತು ಗೊತ್ತಾಗುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ‘ಲಕ್ಸಾಪೋಸ್’ ಈ ಉಪಾಯದಿಂದ ಕೋಣೆಯೊಳಗೆ ಸುಮಾರು ಹತ್ತು ಸೆಂ.ಮೀ. ನಿಖರತೆ ತೋರಿಸಿತು. 2015ರಲ್ಲಿ ಫಿಲಿಪ್ಸ್ ಕಂಪನಿ ಫ್ರಾನ್ಸಿನ ಲೀಲ್ ನಗರದ ಕಾರಫೂರ್ ಮಳಿಗೆಯಲ್ಲಿ ಗ್ರಾಹಕರ ಫೋನುಗಳಿಗೆ ದಾರಿ ತೋರಿಸಲು ಚಾವಣಿಯ ದೀಪಗಳನ್ನೇ ಬಳಸಿತು.

ಆದರೆ ಕೋಣೆಯ ಈ ಯಶಸ್ಸು ರಸ್ತೆಗೆ ಹಾಗೆಯೇ ಇಳಿಯುವುದಿಲ್ಲ. ಹಿಂದೆ ಹೇಳಿದ 60 ಡಿಗ್ರಿ ನೋಟದ ಕ್ಯಾಮೆರಾದಲ್ಲಿ 20 ಸೆಂ.ಮೀ. ಅಗಲದ ದೀಪ ಮೂರು ಮೀಟರಿನಿಂದ ಸುಮಾರು 110 ಸಾಲುಗಳಷ್ಟು ಕಾಣುತ್ತದೆ, ನಾಲ್ಕು ಬೆಳಕಿನ ಪಟ್ಟೆಗಳನ್ನು ಓದಬಹುದು. 30 ಮೀಟರಿನಿಂದ ಅದೇ ದೀಪ 11 ಸಾಲುಗಳಿಗೆ ಕುಗ್ಗುತ್ತದೆ, ಒಂದು ಬೆಳಕಿನ ಪಟ್ಟೆಯೂ ಅದರಲ್ಲಿ ಪೂರ್ತಿ ಹಿಡಿಸದು. ಈ ಮಿತಿಯನ್ನು ದಾಟಲು ವಾಹನಗಳಿಗೆ ಬೇರೆ ಬಗೆಯ ಕಣ್ಣು ಬೇಕಾಯಿತು. ನಗೋಯಾ ವಿಶ್ವವಿದ್ಯಾಲಯದ ತಕಾಯಾ ಯಮಝಾತೊ ಮತ್ತು ಸಂಗಡಿಗರು ಸೆಕೆಂಡಿಗೆ 1,000 ಚಿತ್ರ ತೆಗೆಯುವ ಕ್ಯಾಮೆರಾವನ್ನು ಕಾರಿನಲ್ಲಿಟ್ಟು ಎಲ್‌ಇಡಿ ಸಿಗ್ನಲ್ ದೀಪಗಳನ್ನು ಓದಿದರು. ಟೊಯೊಟಾದ ಸಂಶೋಧನಾ ಕೇಂದ್ರ ಮತ್ತು ಶಿಝುಓಕಾ ವಿಶ್ವವಿದ್ಯಾಲಯದವರು ಒಂದೇ ಚಿಪ್ಪಿನಲ್ಲಿ ಚಿತ್ರಕ್ಕೆ ಒಂದು ಬಗೆಯ ಪಿಕ್ಸೆಲ್, ಸಂದೇಶಕ್ಕೆ ಇನ್ನೊಂದು ಬಗೆಯ ಪಿಕ್ಸೆಲ್ ಇಟ್ಟು ಸೆಕೆಂಡಿಗೆ 10 ಮೆಗಾಬಿಟ್ ವೇಗ ಸಾಧಿಸಿದರು. ಮತ್ತೊಂದು ದಾರಿ ಘಟನಾ ಕ್ಯಾಮೆರಾ. 2008ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ರೂಪುಗೊಂಡ ಈ ಸಂವೇದಕದಲ್ಲಿ ಪ್ರತಿ ಪಿಕ್ಸೆಲ್ಲೂ ಬೆಳಕು ಬದಲಾದಾಗ ಮಾತ್ರ, ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ, ವರದಿ ಮಾಡುತ್ತದೆ. ಕ್ಯಾಮೆರಾ ಚಲಿಸದಿರುವಾಗ ನಿಂತ ಗೋಡೆಗಳು ಸುಮ್ಮನಿರುತ್ತವೆ, ಮಿಣುಕುವ ದೀಪ ತಾನಾಗಿ ಎದ್ದು ಕಾಣುತ್ತದೆ. ವಾಹನಗಳ ಮಟ್ಟಿಗೆ ಎಲ್ಲಕ್ಕಿಂತ ಭರವಸೆಯ ದಾರಿ ಇದೇ ಎಂದು ತೋರುತ್ತದೆ.

ಬೆಳಕು ಗುಡಿಸುವ ಕಂಬ

ಕ್ಯಾಮೆರಾ ಇಲ್ಲದೆಯೂ ಕೋನ ಅಳೆಯಬಹುದು. 2016ರಲ್ಲಿ ಎಚ್‌ಟಿಸಿ ವೈವ್ ಆಟದ ಸಾಧನದೊಂದಿಗೆ ಬಂದ ‘ಲೈಟ್‌ಹೌಸ್’ ವ್ಯವಸ್ಥೆಯ ಪೆಟ್ಟಿಗೆ ಮೊದಲು ಅತಿಗೆಂಪು ಬೆಳಕನ್ನು ಒಮ್ಮೆ ಮಿಂಚಿಸಿ, ನಂತರ ಲೇಸರ್ ರೇಖೆಯೊಂದನ್ನು ಕೋಣೆಯ ಉದ್ದಗಲಕ್ಕೆ ಗುಡಿಸುತ್ತದೆ. ಮಿಂಚಿನಿಂದ ರೇಖೆ ತಾಗುವವರೆಗಿನ ಸಮಯವೇ ಕೋನ. ಸೆಕೆಂಡಿಗೆ 60 ಸುತ್ತು ತಿರುಗುವಾಗ ಒಂದು ಮೈಕ್ರೊಸೆಕೆಂಡ್ ಎಂದರೆ 0.02 ಡಿಗ್ರಿ. ಅಂಗೈಯಗಲದ ಡ್ರೋನುಗಳಿಗೂ ಇದನ್ನು ಹೊಂದಿಸಿದ್ದಾರೆ; ಅವು ಹೊರಬೇಕಾದದ್ದು ಕೆಲವು ಬೆಳಕು ಸಂವೇದಕಗಳನ್ನು ಮಾತ್ರ.

ಬಾಹ್ಯಾಕಾಶದಲ್ಲಿ

ಎರಡು ನೌಕೆಗಳು ಕೂಡುವ ಕೊನೆಯ ಕೆಲವು ಮೀಟರುಗಳಲ್ಲಿ ಉಪಗ್ರಹ ಸಂಕೇತದ ನಿಖರತೆ ಸಾಕಾಗುವುದಿಲ್ಲ. ನಾಸಾ 1997 ಮತ್ತು 1998ರ ಷಟಲ್ ಯಾನಗಳಲ್ಲಿ ಪರೀಕ್ಷಿಸಿದ ವಿಡಿಯೊ ಮಾರ್ಗದರ್ಶಿ ಸಂವೇದಕದ ಉಪಾಯ ಸೊಗಸಾದದ್ದು. ಗುರಿಯ ಮೇಲೆ ಬಂದ ದಾರಿಯಲ್ಲೇ ಬೆಳಕನ್ನು ಮರಳಿಸುವ ಪ್ರತಿಫಲಕಗಳು; ಅವುಗಳ ಮುಂದೆ 850 ನ್ಯಾನೊಮೀಟರ್ ಬೆಳಕನ್ನು ಬಿಟ್ಟು 800 ನ್ಯಾನೊಮೀಟರನ್ನು ತಡೆಯುವ ಶೋಧಕ. ಎರಡೂ ಬಣ್ಣದ ಲೇಸರ್ ಬೀರಿ ಒಂದೊಂದು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಸೂರ್ಯನ ಹೊಳಪೂ ನೌಕೆಯ ಮೈಯೂ ಅಳಿಸಿಹೋಗಿ ಪ್ರತಿಫಲಕಗಳಷ್ಟೇ ಉಳಿಯುತ್ತವೆ. ಏಪ್ರಿಲ್ 2005ರಲ್ಲಿ ನಾಸಾದ ಡಾರ್ಟ್ ನೌಕೆ ಇದರ ಸುಧಾರಿತ ರೂಪವನ್ನು ಒಯ್ದಿತ್ತು. ತನ್ನ ಸ್ಥಾನ, ವೇಗಗಳ ಲೆಕ್ಕವನ್ನು ಅದು ತಪ್ಪಾಗಿ ಇಟ್ಟುಕೊಂಡದ್ದರಿಂದ ಸಂವೇದಕದ ಪೂರ್ಣ ಬಳಕೆಯ ಹಂತಕ್ಕೆ ದಾಟಲೇ ಇಲ್ಲ, ಕೊನೆಗೆ ಗುರಿಯ ಉಪಗ್ರಹಕ್ಕೆ ಹೋಗಿ ತಾಗಿತು. ಕೋನ ಅಳೆಯುವ ಕಣ್ಣು ಸರಿಯಿತ್ತು, ಅದರ ಕೈಗೆ ಚುಕ್ಕಾಣಿ ಕೊಡುವ ತರ್ಕ ಸರಿಯಿರಲಿಲ್ಲ. 2007ರ ಆರ್ಬಿಟಲ್ ಎಕ್ಸ್‌ಪ್ರೆಸ್ ಯಾನದಲ್ಲಿ ಇದೇ ಸಂವೇದಕ ಕೆಲಸ ಮಾಡಿತು.

ದೀಪವಿಲ್ಲದೆಡೆ

ದೀಪ ನೆಡಲಾಗದ ಜಾಗದಲ್ಲಿ ನೆಲದ ಕಲ್ಲು, ಕುಳಿಗಳನ್ನೇ ಗುರುತಾಗಿ ಬಳಸಬೇಕು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಸ್ಥಾನ ಪತ್ತೆಯ ಕ್ಯಾಮೆರಾ ತೆಗೆದ ಚಿತ್ರಗಳನ್ನು ತನ್ನೊಳಗಿನ ನಕ್ಷೆಯೊಂದಿಗೆ ಹೋಲಿಸುತ್ತ, ಅಡ್ಡ ವೇಗವನ್ನು ಇನ್ನೊಂದು ಕ್ಯಾಮೆರಾದಿಂದ ತಿಳಿಯುತ್ತ 23 ಆಗಸ್ಟ್ 2023ರಂದು ಇಳಿಯಿತು. ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಆ ಹೊತ್ತಿನಲ್ಲಿ ನೋಡುತ್ತಿದ್ದರೇ ಹೊರತು ನಡೆಸುತ್ತಿರಲಿಲ್ಲ.

ಮಂಗಳದ ಇಂಜೆನ್ಯೂಯಿಟಿ ಹೆಲಿಕಾಪ್ಟರಿನ ಕಥೆ ಈ ವಿಧಾನದ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ಕಲಿಸುತ್ತದೆ. ಸೆಕೆಂಡಿಗೆ 30 ಕಪ್ಪು–ಬಿಳುಪು ಚಿತ್ರ ತೆಗೆಯುವ ಚಿಕ್ಕ ಕ್ಯಾಮೆರಾ ನೆಲದ ಗುರುತುಗಳು ಎತ್ತ ಸರಿದವೆಂದು ನೋಡಿ ಚಲನೆ ಹೇಳುತ್ತಿತ್ತು. ಮೇ 2021ರ ಆರನೆಯ ಹಾರಾಟದಲ್ಲಿ ಒಂದೇ ಒಂದು ಚಿತ್ರ ಕಳೆದುಹೋಯಿತು. ಅಲ್ಲಿಂದ ಮುಂದಿನ ಎಲ್ಲ ಚಿತ್ರಗಳಿಗೂ ತಪ್ಪು ಸಮಯದ ಮುದ್ರೆ ಬಿತ್ತು. ಹೆಲಿಕಾಪ್ಟರ್ 20 ಡಿಗ್ರಿಗೂ ಮೀರಿ ಓಲಾಡಿ, ಗುರಿಯಿಂದ ಐದು ಮೀಟರ್ ಒಳಗೆ ಹೇಗೋ ಇಳಿಯಿತು. 18 ಜನವರಿ 2024ರ 72ನೆಯ ಹಾರಾಟದಲ್ಲಿ ಕೆಳಗಿದ್ದದ್ದು ಗುರುತುಗಳಿಲ್ಲದ ಮರಳಿನ ಅಲೆ. ಹಿಡಿಯಲು ಏನೂ ಸಿಗದ ಕ್ಯಾಮೆರಾ ಅಡ್ಡ ವೇಗವನ್ನು ತಪ್ಪಾಗಿ ಹೇಳಿತು, ಇಳಿಯುವಾಗ ರೆಕ್ಕೆಗಳು ಮುರಿದವು. ಹೆಸರಿಟ್ಟ ನಾಲ್ಕು ದೀಪಗಳು ನೆಲದ ಮೇಲಿದ್ದಿದ್ದರೆ ಆ ತೊಡಕು ಬರುತ್ತಿರಲಿಲ್ಲ. ಆದರೆ ಅವನ್ನು ಅಲ್ಲಿ ನೆಡುವವರಿಲ್ಲ.

ಅಡ್ಡಿಗಳು ಮತ್ತು ನಿರ್ವಹಣೆ

ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಕೋಣೆಯ ಬೆಳಕು ಕೆಲವು ನೂರು ಮಾತ್ರ. ಆದ್ದರಿಂದ ಹೊರಗೆ ಬಳಸುವಾಗ ದೀಪದ ಬಣ್ಣವನ್ನು ಮಾತ್ರ ಬಿಡುವ ಶೋಧಕ, ಅತಿ ಚಿಕ್ಕ ಎಕ್ಸ್‌ಪೋಶರ್, ದೀಪ ಹೊತ್ತಿದ ಚಿತ್ರದಿಂದ ಆರಿದ ಚಿತ್ರವನ್ನು ಕಳೆಯುವ ಕ್ರಮ ಅಗತ್ಯ. ಗಂಟೆಗೆ 60 ಕಿ.ಮೀ. ಓಡುವ ವಾಹನ 10 ಮಿಲಿಸೆಕೆಂಡಿನಲ್ಲಿ 17 ಸೆಂ.ಮೀ. ಸರಿಯುವುದರಿಂದಲೂ ಚಿಕ್ಕ ಎಕ್ಸ್‌ಪೋಶರ್ ಬೇಕು. ಮಳೆಗಾಲದ ಚಾರ್ಮಾಡಿ, ಆಗುಂಬೆ ಘಾಟಿಗಳ ದಟ್ಟ ಮಂಜಿನಲ್ಲಿ ಬೆಳಕು ಚದುರಿ ದೀಪ ಅಸ್ಪಷ್ಟ ಗೋಳವಾಗುತ್ತದೆ. ಅಂಥಲ್ಲಿ ಈ ವಿಧಾನವೊಂದನ್ನೇ ನಂಬುವುದು ಅಪಾಯ. ಮುಂದಿನ ಲಾರಿ ದೀಪಗಳನ್ನು ಮರೆಮಾಡಿದರೂ ಲೆಕ್ಕ ನಿಲ್ಲುತ್ತದೆ.

ಹೀಗಾಗಿ ಕ್ಯಾಮೆರಾದ ಜೊತೆಗೆ ಚಕ್ರದ ಸುತ್ತು ಎಣಿಸುವ ಸಂವೇದಕವನ್ನೂ ಗೈರೊಸ್ಕೋಪನ್ನೂ ಸೇರಿಸಿ, ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತದ ಶೋಧಕದಿಂದ ಎಲ್ಲವನ್ನೂ ಹೊಂದಿಸುತ್ತಾರೆ. ಚಕ್ರ ಮತ್ತು ಗೈರೊಸ್ಕೋಪ್ ಕ್ಷಣ ಕ್ಷಣದ ಚಲನೆಯನ್ನು ಚೆನ್ನಾಗಿ ಹೇಳುತ್ತವೆ, ಆದರೆ ಹೊತ್ತು ಕಳೆದಂತೆ ತಪ್ಪನ್ನು ಕೂಡಿಹಾಕುತ್ತವೆ. ದೀಪ ಕಂಡಾಗಲೆಲ್ಲ ಆ ತಪ್ಪು ಸೊನ್ನೆಯ ಹತ್ತಿರಕ್ಕೆ ಮರಳುತ್ತದೆ. ಸುರಂಗದಲ್ಲಿ ಪ್ರತಿ ದೀಪವೂ ಓದಲು ಸಿಗಬೇಕೆಂದಿಲ್ಲ. ಹತ್ತರಲ್ಲಿ ಒಂದು ಸಿಕ್ಕರೂ ವಾಹನ ತನ್ನ ಪಥದಲ್ಲೇ ಇರಬಹುದು.

ಇದು ಉಪಗ್ರಹ ವ್ಯವಸ್ಥೆಗೆ ದೇಶವ್ಯಾಪಿ ಪರ್ಯಾಯವಾಗಲಾರದು. ಎಲ್ಲೆ ಗೊತ್ತಿರುವ, ಯಾರೋ ಒಬ್ಬರ ಉಸ್ತುವಾರಿಯಲ್ಲಿರುವ ಸುರಂಗ, ಗೋದಾಮು, ಗಣಿ, ಪಾರ್ಕಿಂಗ್, ಬಂದರುಗಳೇ ಇದರ ನೆಲೆ. ಅಲ್ಲಿಯೂ ಖರ್ಚು ದೀಪಕ್ಕಿಂತ ಹೆಚ್ಚಾಗಿ ನಕ್ಷೆಗೆ ಹೋಗುತ್ತದೆ. ಪ್ರತಿ ದೀಪದ ಸ್ಥಾನವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಅದರ ಸಂಖ್ಯೆಯೊಂದಿಗೆ ದಾಖಲಿಸಬೇಕು. ಕೆಟ್ಟ ದೀಪವನ್ನು ಬದಲಿಸುವ ಎಲೆಕ್ಟ್ರಿಷಿಯನ್ ಹೊಸದಕ್ಕೆ ಹಳೆಯ ಸಂಖ್ಯೆಯನ್ನೇ ತುಂಬಬೇಕು, ಇಲ್ಲವೇ ನಕ್ಷೆಯನ್ನು ತಿದ್ದಿಸಬೇಕು. ಎರಡೂ ಆಗದಿದ್ದರೆ ಆ ದೀಪವನ್ನು ನೋಡಿದ ಪ್ರತಿ ವಾಹನವೂ ತಾನು ಇನ್ನೆಲ್ಲೋ ಇದ್ದೇನೆಂದು ತಿಳಿಯುತ್ತದೆ.